ಸಾಲದ ನಕ್ಷತ್ರ ನಮಗೆ ಬೇಡ



ಆಗಮನ ಕಾಲ ಬಂದಿದೆ. ಕಂಬಂ, ಚಿನ್ನಮನೂರು, ಬೋಡಿನಾಯಕನೂರು, ತೇನಿ, ದಿಂಡಿಗಲ್, ಯಾವ ಪೇಟೆಗೆ ಹೋದರೂ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗಾಡುತ್ತಿವೆ. ಪ್ಲಾಸ್ಟಿಕ್ ನಕ್ಷತ್ರ, ಮಿನುಗುವ ದೀಪದ ಸರ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹಸಿರು ಮರ, ಬಣ್ಣ ಬಳಿದ ಗೊಂಬೆಗಳ ಗೋದಲಿ. ನೋಡಲು ಚೆಂದವೇ. ಮಾರುವವರೂ ನಮ್ಮ ಹಾಗೆ ಹೊಟ್ಟೆಪಾಡಿನವರೇ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ ಅಂಗಡಿಯ ಮುಂದೆ ನಿಂತು ಜೇಬು ಮುಟ್ಟಿ ನೋಡಿಕೊಳ್ಳುವ ತಂದೆಯನ್ನೂ, ಅವನ ಕೈ ಹಿಡಿದು ಮೇಲೆ ನೋಡುತ್ತ ನಿಂತ ಮಗುವನ್ನೂ ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ಅವರಿಬ್ಬರ ಸಲುವಾಗಿ ಈ ಸಂಚಿಕೆಯಲ್ಲಿ ಕೆಲವು ಮಾತು ಬರೆಯಬೇಕಾಗಿದೆ.

ತೋಟದ ಮನೆಯ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನಿಷ್ಠ ನೂರಕ್ಕೆ 8.33ರ ಬೋನಸ್ಸು ಎಂಬುದು ಕಾರ್ಮಿಕರು ಹೋರಾಡಿ ಪಡೆದ ಹಕ್ಕು. ಅದು ತಮಿಳುನಾಡಿನ ತೋಟಗಳಲ್ಲಿ ಕೈಗೆ ಬರುವುದು ದೀಪಾವಳಿಗೆ. ಡಿಸೆಂಬರ್ ಹೊತ್ತಿಗೆ ಅದು ಅಂಗಡಿ ಬಾಕಿಗೂ ಶಾಲೆಯ ಖರ್ಚಿಗೂ ಕರಗಿ ಹೋಗಿರುತ್ತದೆ. ನಸುಕಿಗೇ ಎದ್ದು ಜೀಪು ಹತ್ತಿ ಕಂಬಂ ಮೆಟ್ಟು, ಕುಮಳಿ, ಬೋಡಿ ಮೆಟ್ಟು ದಾಟಿ ಇಡುಕ್ಕಿಯ ಏಲಕ್ಕಿ ಕಾಡಿಗೆ ಹೋಗುವ ದಿನಗೂಲಿಯವರಲ್ಲಿ ಎಷ್ಟೋ ಮಂದಿಗೆ ಆ ಬೋನಸ್ಸೂ ಇಲ್ಲ. ಹೀಗಿರುವಾಗ ಕ್ರಿಸ್‌ಮಸ್‌ನ ಅಲಂಕಾರಕ್ಕೆಂದು ಮೇಸ್ತ್ರಿಯಿಂದಲೋ ಬಡ್ಡಿಯವನಿಂದಲೋ ಮುಂಗಡ ತೆಗೆಯುವುದು ನಮ್ಮ ಜನರಲ್ಲಿ ಹೆಚ್ಚುತ್ತಿದೆ. ಹಬ್ಬದ ಅನ್ನಕ್ಕೆ, ಮಕ್ಕಳ ಬಟ್ಟೆಗೆ ತೆಗೆದರೆ ಅರ್ಥವಾಗುತ್ತದೆ. ಜನವರಿ ಮುಗಿಯುವುದರೊಳಗೆ ಉರಿಯುವುದನ್ನು ನಿಲ್ಲಿಸಿಬಿಡುವ ದೀಪದ ಸರಕ್ಕೆ ಸಾಲ ಮಾಡಿ, ಅದನ್ನು ಮುಂದಿನ ಕೊಯ್ಲಿನ ಕೂಲಿಯಲ್ಲಿ ಹಿಡಿಸಿಕೊಳ್ಳುವುದೆಂದರೆ ಏನು? ಮುಂಗಡ ಪಡೆದವನು ಕೂಲಿ ಕೇಳುವಾಗ ದನಿ ಎತ್ತಲಾರ. ಸಂಘದ ಕೆಲಸ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು.

ಹಣಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಲೈನು ಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಪಕ್ಕದ ಬಾಗಿಲಿನಲ್ಲಿ ಹೊಸ ನಕ್ಷತ್ರ ಉರಿಯುತ್ತಿದ್ದರೆ ನಮ್ಮ ಬಾಗಿಲು ಕತ್ತಲಾಗಿ ಕಾಣುತ್ತದೆ. ಮಕ್ಕಳು ಅದನ್ನು ಮೊದಲು ಗಮನಿಸುತ್ತಾರೆ. "ನಮ್ಮದು ಬರೀ ಕಾಗದದ್ದು" ಎಂದು ಮಗು ಅಂದಾಗ ತಾಯಿಯ ಮುಖ ಬಾಡುತ್ತದೆ. ಈ ನಾಚಿಕೆಯನ್ನು ಮಕ್ಕಳಿಗೆ ಕಲಿಸಿದವರು ಯಾರು? ಕೆಲವು ಧರ್ಮಕೇಂದ್ರಗಳಲ್ಲಿ ಗೋದಲಿ ಸ್ಪರ್ಧೆ ಇಟ್ಟು, ಹೆಚ್ಚು ದೀಪ ಹಾಕಿದ, ಹೆಚ್ಚು ಗೊಂಬೆ ಇಟ್ಟ ಮನೆಗೆ ಬಹುಮಾನ ಕೊಡುವ ಪದ್ಧತಿ ಬೆಳೆದಿದೆ. ಬಹುಮಾನ ಯಾವ ಮನೆಗೆ ಹೋಗುತ್ತದೆಂದು ಮೊದಲೇ ಹೇಳಬಹುದು. ಅದು ಗುಮಾಸ್ತರ ಮನೆಗೆ, ಹೊರದೇಶದಲ್ಲಿ ದುಡಿಯುವ ಮಗನಿರುವ ಮನೆಗೆ. ಸ್ಪರ್ಧೆ ಬೇಕೇ ಬೇಕೆಂದಾದರೆ ಒಂದು ನಿಯಮ ಮಾಡಿರಿ: ಅಂಗಡಿಯಿಂದ ಕಾಗದ, ದಾರ, ಅಂಟಿನ ಹಿಟ್ಟು ಬಿಟ್ಟು ಬೇರೇನೂ ಕೊಳ್ಳಬಾರದು. ಆಗ ನೋಡಿ, ನಮ್ಮ ಲೈನಿನ ಮಕ್ಕಳ ಕೈಚಳಕ ಏನೆಂದು.

ಬೆತ್ಲೆಹೇಮಿನ ಕಥೆಯನ್ನು ನಾವು ಇಲ್ಲಿ ಪೂರ್ತಿ ಹೇಳಬೇಕಾಗಿಲ್ಲ. ಸರಕಾರದ ಆಜ್ಞೆಗಾಗಿ ದೂರ ನಡೆದು ಬಂದ ಒಬ್ಬ ಬಡಗಿ, ದಿನ ತುಂಬಿದ ಹೆಂಡತಿ, ತಂಗಲು ಜಾಗವಿಲ್ಲ, ಮಗುವನ್ನು ಮಲಗಿಸಿದ್ದು ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ. ಸಂತ ಲೂಕರು ಬರೆದದ್ದು ಇಷ್ಟೇ. ಸಂತ ಜೋಸೆಫರು ಆ ರಾತ್ರಿ ಮಾಡಿದ್ದೂ ಇಷ್ಟೇ: ಕೈಗೆ ಸಿಕ್ಕ ಹುಲ್ಲನ್ನು ಹಾಸಿ ಸರಿಮಾಡಿದರು. ಮೊದಲನೆಯ ಕ್ರಿಸ್‌ಮಸ್ ಅಲಂಕಾರ ಅದೇ ಎಂದರೆ ತಪ್ಪಾಗದು.

ಗೋದಲಿ ಇಡುವ ಭಕ್ತಿ ಹರಡಿದ ಬಗೆಯೂ ಹಾಗೆಯೇ ಇದೆ. 1223ನೆಯ ಇಸವಿಯ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚಿಯೊ ಎಂಬ ಬೆಟ್ಟದ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟನ್ನು ತರಿಸಿ ಅದರ ಬಳಿ ಪೂಜೆ ಮಾಡಿಸಿದರು. ಗೊಂಬೆಗಳಿರಲಿಲ್ಲ. ಹಳ್ಳಿಯ ಗಂಡಸರು ಹೆಂಗಸರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮೇಣದ ಬತ್ತಿ, ಪಂಜು ಸಿದ್ಧಮಾಡಿಕೊಂಡು ಬಂದರು. ಬೆಳಕು ಅವರೇ ತಂದದ್ದು. 2023ಕ್ಕೆ ಆ ರಾತ್ರಿಗೆ 800 ವರ್ಷ ತುಂಬಿತು. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚಿಯೊಗೆ ಹೋಗಿ ಗೋದಲಿಯ ಬಗ್ಗೆ ಒಂದು ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ ಮಾತ್ರವಲ್ಲ, ಕೆಲಸದ ಜಾಗಗಳಲ್ಲಿಯೂ ಗೋದಲಿ ಇಡುವುದನ್ನು ಅವರು ಆ ಪತ್ರದಲ್ಲಿ ಪ್ರೋತ್ಸಾಹಿಸಿದ್ದಾರೆ. ಕೆಲಸದ ಜಾಗ ಎಂದರೆ ನಮ್ಮ ತೂಕದ ಶೆಡ್ಡು, ಏಲಕ್ಕಿ ಒಣಗಿಸುವ ಮನೆ, ಶಿಶುವಿಹಾರ. ಅಲ್ಲಿ ಒಂದು ಮೂಲೆ ಕೇಳಿ ನೋಡಬಹುದಲ್ಲವೇ?

ಆಗಮನ ಕಾಲದ ನಾಲ್ಕು ಬತ್ತಿಯ ಬಳೆಯ ಕಥೆಯೂ ಹೇಳತಕ್ಕದ್ದೇ. ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಕೆರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದುದರಿಂದ, 1839ರಲ್ಲಿ ಅವರು ಹಳೆಯ ಗಾಡಿಯ ಚಕ್ರವೊಂದನ್ನು ತಂದು ಅದರ ಮೇಲೆ ಭಾನುವಾರಕ್ಕೊಂದು ದೊಡ್ಡ ಬತ್ತಿ, ವಾರದ ದಿನಕ್ಕೊಂದು ಸಣ್ಣ ಬತ್ತಿ ನಿಲ್ಲಿಸಿದರು. ಇಂದು ದೊಡ್ಡ ದೊಡ್ಡ ದೇವಾಲಯಗಳಲ್ಲಿ ಕಾಣುವ ಬಳೆಯ ಮೂಲ ಈ ಚಕ್ರವೆಂದೇ ಹೇಳುತ್ತಾರೆ. ಅನಾಥ ಮಕ್ಕಳ ಮನೆಯಲ್ಲಿ ಮುರಿದ ಗಾಡಿಯಿಂದ ಹುಟ್ಟಿದ ವಸ್ತುವನ್ನು ನಾವು ಅಂಗಡಿಯಲ್ಲಿ ಕೊಳ್ಳಬೇಕೇ?

ಇನ್ನು ನಮ್ಮ ಕಣಿವೆಗೆ ಬರೋಣ. ಇಲ್ಲಿ ಇಲ್ಲದ್ದೇನು? ಸುರುಳಿಪಟ್ಟಿ, ಗೂಡಲೂರು, ಕಾಮಯಗೌಂಡನಪಟ್ಟಿಯ ಕಡೆ ದ್ರಾಕ್ಷಿ ಚಪ್ಪರಗಳಿವೆ. ಈ ಪನ್ನೀರು ದ್ರಾಕ್ಷಿಯನ್ನು 1832ರಲ್ಲಿ ಒಬ್ಬ ಫ್ರೆಂಚ್ ಗುರುಗಳು ಈ ನಾಡಿಗೆ ತಂದರೆಂದು ಹೇಳುತ್ತಾರೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಬಳ್ಳಿ ಸವರಿದಾಗ ಕಡ್ಡಿಗಳು ರಾಶಿ ಬೀಳುತ್ತವೆ, ಯಾರೂ ಬೆಲೆ ಕೇಳುವುದಿಲ್ಲ. ತೋಟದವರನ್ನು ಕೇಳಿ ಒಂದು ಹಿಡಿ ತಂದು, ಚೆನ್ನಾಗಿ ತೊಳೆದು (ಔಷಧಿ ಹೊಡೆದ ಬಳ್ಳಿ, ಮರೆಯಬೇಡಿ), ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ತಿರುಚಿದರೆ ಒಳ್ಳೆಯ ಬಳೆಯಾಗುತ್ತದೆ. ಯೇಸುಸ್ವಾಮಿ ತಮ್ಮನ್ನು ದ್ರಾಕ್ಷಿ ಬಳ್ಳಿಗೆ ಹೋಲಿಸಿಕೊಂಡದ್ದನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕುವುದಿಲ್ಲ. ಬಳೆಗೆ ಸಿಕ್ಕಿಸಲು ಸಿಲ್ವರ್ ಓಕಿನ ಉದುರಿದ ಎಲೆ ತನ್ನಿ. ಮೇಘಮಲೆಯ ಚಹಾ ತೋಟದಲ್ಲಿರಲಿ, ತಾಂಡಿಕುಡಿ, ಪಣ್ಣೈಕಾಡಿನ ಕಾಫಿ ತೋಟದಲ್ಲಿರಲಿ, ನೆರಳಿಗೆ ಹಾಕಿದ ಆ ಮರದ ಎಲೆ ಕಾಲಡಿ ಬಿದ್ದಿರುತ್ತದೆ. ಅದರ ಬೆನ್ನು ಬೆಳ್ಳಿಯಂತೆ ಹೊಳೆಯುತ್ತದೆ. ಅಂಗಡಿಯವರು ಬೆಳ್ಳಿ ಕಾಗದ ಎಂದು ಮಾರುವುದು ಇದರ ಮುಂದೆ ಏನೂ ಅಲ್ಲ. ಕೆಂಪು ಕಾಫಿ ಹಣ್ಣಿನ ಗೊಂಚಲು ಮಾತ್ರ ಮುರಿಯಬೇಡಿ. ಅದು ಕೊಯ್ಲಿನ ಲೆಕ್ಕಕ್ಕೆ ಸೇರಿದ್ದು, ಮಾತಿಗೆ ಎಡೆಯಾಗುತ್ತದೆ.

ಚಿನ್ನಮನೂರಿನ ಸುತ್ತ ಬಾಳೆ. ಗೊನೆ ಕಡಿದ ಮೇಲೆ ದಿಂಡು ಅಲ್ಲಿಯೇ ಕೊಳೆಯುತ್ತದೆ. ಒಣಗಿದ ಬಾಳೆಪಟ್ಟೆಯಿಂದ ಗೋದಲಿಯ ಗೋಡೆ, ತೆಂಗಿನ ಗರಿಯಿಂದ ಮಾಡು, ಸೀಳಿದ ಬಾಳೆನಾರಿನಿಂದ ಕಟ್ಟುವ ದಾರ. ತೋರಣಕ್ಕೆಂದು ತೆಂಗಿನ ಎಳೆಗರಿ ಕಡಿಯುವವರಿದ್ದಾರೆ. ಮರ ಸೊರಗುತ್ತದೆ, ಬಿದ್ದ ಮಟ್ಟೆಯ ಹಸಿರು ಗರಿ ಸಾಕು. ಬೋಡಿಯ ಬೂರುಗದ ಹತ್ತಿ ಹೆಸರಾದದ್ದು. ಹರಿದ ಹಳೆಯ ದಿಂಬಿನಿಂದ ಎರಡು ಹಿಡಿ ಹತ್ತಿ ತೆಗೆದರೆ ಕುರಿಮರಿಗಳ ಮೈಗೆ ಬೇಕಾದಷ್ಟಾಯಿತು. ಕೆಲವರು ಅದನ್ನು ಹಿಮವೆಂದು ಗೋದಲಿಯ ಮಾಡಿನ ಮೇಲೆ ಹರಡುತ್ತಾರೆ. ಕೊಡೈಕಾನಲಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು, ನಿಜ. ಆದರೆ ಕಂಬಂ ಕಣಿವೆಯ ಗೋದಲಿಗೆ ಹಿಮ ಏಕೆ? ಯೂರೋಪಿನ ಚಿತ್ರಪಟ ನೋಡಿ ನಾವು ಕಲಿತ ಅಭ್ಯಾಸ ಅದು. ನಮ್ಮ ಗೋದಲಿಗೆ ನಮ್ಮ ಬೆಟ್ಟ, ನಮ್ಮ ಮಂಜು, ನಮ್ಮ ಮಾಡು ಇರಲಿ ಎಂಬುದು ನಮ್ಮ ಅಭಿಪ್ರಾಯ.

ಗೊಂಬೆಗಳಿಗೆ ಕೆರೆಯ ಜೇಡಿಮಣ್ಣು. ಐಪ್ಪಸಿ, ಕಾರ್ತಿಕೆಯ ಮಳೆಯಿಂದ ಮಣ್ಣು ಈಗ ಹದವಾಗಿದೆ. ಬಿಸಿಲಿಗಿಟ್ಟರೆ ಬಿರಿಯುತ್ತದೆ, ನೆರಳಿನಲ್ಲಿ ಒಂದು ವಾರ ಒಣಗಬೇಕು. ಮುಖ ತಿದ್ದಲು ಬಾರದಿದ್ದರೆ ಚಿಂತೆಯಿಲ್ಲ. ಒಂದು ಉಂಡೆ ತಲೆ, ಒಂದು ಉದ್ದನೆಯ ಮೈ, ಬಾಗಿದ ಬೆನ್ನು, ಇಷ್ಟಾದರೆ ಕುರುಬನಾದ. ಮರಿಯಮ್ಮನವರಿಗೆ ನೀಲಿ ಮೇಲುವಸ್ತ್ರವೇ ಆಗಬೇಕೆಂದಿಲ್ಲ. ಅಜ್ಜಿಯ ಹಳೆಯ ಚಿನ್ನಾಳಪಟ್ಟಿ ಸುಂಗುಡಿ ಸೀರೆಯ ತುಂಡು ಹೊದಿಸಿರಿ. ಚುಕ್ಕಿ ಚುಕ್ಕಿಯ ಆ ಸೀರೆ ನಮ್ಮ ತಾಯಂದಿರ ಉಡುಗೆ. ಬೆನ್ನಿಗೆ ಬುಟ್ಟಿ ಕಟ್ಟಿದ ಒಬ್ಬ ಕೊಯ್ಲಿನ ಹೆಂಗಸನ್ನೂ ಕುರುಬರ ಸಾಲಿನಲ್ಲಿ ನಿಲ್ಲಿಸಿರಿ. ರಾತ್ರಿ ಪಾಳಿಯ ಕೆಲಸದಲ್ಲಿದ್ದವರಿಗೇ ಅಲ್ಲವೇ ಮೊದಲ ಸುದ್ದಿ ಬಂದದ್ದು?

ಗೋದಲಿಯ ಮುಂದಿನ ಹಸಿರು ಗದ್ದೆಗೆ ರಾಗಿ ಬಿತ್ತಿರಿ. ಒಡೆದ ಮಡಕೆಯ ಚೂರು, ತೆಂಗಿನ ಚಿಪ್ಪು ಯಾವುದಾದರೂ ಸರಿ. ಎರಡು ಬೆರಳು ಮಣ್ಣು ಹಾಕಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ಮೇಲೆ ನೀರು ಚಿಮುಕಿಸಿ ಮಬ್ಬಿನಲ್ಲಿಡಿ. ಮೊಳಕೆ ಬಂದ ಮೇಲೆ ಬೆಳಕಿಗೆ ತನ್ನಿ. ಡಿಸೆಂಬರ್ 13ರ ಸುಮಾರಿಗೆ ಬಿತ್ತಿದರೆ ಹಬ್ಬದ ಹೊತ್ತಿಗೆ ಎಳೆ ಹಸಿರು ಎದ್ದು ನಿಲ್ಲುತ್ತದೆ. ಫ್ರಾನ್ಸಿನ ತೆಂಕಣ ಸೀಮೆಯಲ್ಲಿ ಸಂತ ಬಾರ್ಬರಾ ಅವರ ದಿನವಾದ ಡಿಸೆಂಬರ್ 4ರಂದು ಗೋಧಿ ಬಿತ್ತಿ ಹೀಗೆಯೇ ಮಾಡುತ್ತಾರೆ. ನಮ್ಮ ಕಡೆ ಅಮ್ಮನ ಜಾತ್ರೆಗೆ ಮುಳೈಪ್ಪಾರಿ ಬೆಳೆಸುವ ನೆರೆಮನೆಯವರಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಬರುತ್ತದೆ. ಮಕ್ಕಳನ್ನು ಅವರ ಬಳಿ ಕಳುಹಿಸಿ ಕಲಿಸಿರಿ, ಅದರಿಂದ ನೆರೆಯ ಪ್ರೀತಿಯೂ ಬೆಳೆಯುತ್ತದೆ.

ನೆರೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇವೆ. ಡಿಸೆಂಬರ್ ನಡುವಿನಿಂದ ಮಾರ್ಗಳಿ ತಿಂಗಳು. ತಮಿಳು ಬೀದಿಯಲ್ಲೆಲ್ಲ ನಸುಕಿಗೇ ಅಂಗಳ ಸಾರಿಸಿ ಕೋಲ ಹಾಕಿ, ಸಗಣಿ ಉಂಡೆಯ ಮೇಲೆ ಕುಂಬಳದ ಹೂ ಇಡುತ್ತಾರೆ. ಈ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಕಪ್ಪಿಲಿಯರ, ಅನುಪ್ಪರ ಬೀದಿಗಳಲ್ಲೂ ಹಾಗೆಯೇ. ಒಂದು ಹಿಡಿ ಅಕ್ಕಿಹಿಟ್ಟಿನಲ್ಲಿ ಇಡೀ ಬೀದಿ ಹಬ್ಬವಾಗುತ್ತದೆ, ಇರುವೆಗೂ ಊಟವಾಗುತ್ತದೆ. ನಮ್ಮ ಹೆಣ್ಣುಮಕ್ಕಳು ಅದೇ ಚುಕ್ಕಿಗಳಿಂದ ನಕ್ಷತ್ರವನ್ನೂ ಮೇಣದ ಬತ್ತಿಯನ್ನೂ ಎಳೆಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಅಲಂಕಾರ ಯಾವುದು? ಕಾರ್ತಿಗೈ ದೀಪಕ್ಕೆ ತಂದ ಮಣ್ಣಿನ ಹಣತೆಗಳು ನೆರೆಯವರ ಮನೆಯಲ್ಲಿ ಮಿಕ್ಕಿರುತ್ತವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಹೂವಿಗೆ ಮಾತ್ರ ಈ ತಿಂಗಳು ಮಲ್ಲಿಗೆಯ ತಂಟೆಗೆ ಹೋಗಬೇಡಿ. ಚಳಿಗೆ ಮೊಗ್ಗು ಕಡಿಮೆ, ನಿಲಕ್ಕೋಟೆ, ದಿಂಡಿಗಲ್ ಹೂಪೇಟೆಯಲ್ಲಿ ಬೆಲೆ ಆಕಾಶಕ್ಕೇರಿರುತ್ತದೆ. ಚೆಂಡುಹೂವು ಸಾಕು.

ಈಗ ನಕ್ಷತ್ರ. ಬಿದಿರನ್ನು ಸೀಳಿ ಎರಡಡಿ ಉದ್ದದ ಹತ್ತು ತೆಳು ಕಡ್ಡಿ ಮಾಡಿಕೊಳ್ಳಿ. ಅಂಚನ್ನು ಮಡಕೆ ಚೂರಿನಿಂದ ಉಜ್ಜದಿದ್ದರೆ ಕೈ ಸೀಳುತ್ತದೆ. ಐದೈದು ಕಡ್ಡಿ ಸೇರಿಸಿ ಎರಡು ಐದುಮೂಲೆ ನಕ್ಷತ್ರ ಕಟ್ಟಿರಿ. ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಬಿಗಿಯಿರಿ. ಕಡ್ಡಿಗಳು ಒಳಗೆ ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ ನಾಲ್ಕು ಬೆರಳುದ್ದದ ಗೂಟ ನಿಲ್ಲಿಸಿದರೆ ನಕ್ಷತ್ರ ಹೊಟ್ಟೆಯುಬ್ಬಿ ನಿಲ್ಲುತ್ತದೆ. ಮೇಲೆ ಗಾಳಿಪಟದ ಕಾಗದ ಅಂಟಿಸಿ, ಹಿಂಬದಿಯಲ್ಲಿ ಒಂದು ಕಿಟಕಿ ಬಿಡಿ. ಅಂಟಿಗೆ ಮೈದಾ ಗಂಜಿ, ಇಲ್ಲವೆ ಮರಗೆಣಸಿನ ಹಿಟ್ಟಿನ ಗಂಜಿ. ಹುಳ ತಿನ್ನದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಅದು ವಿಷ, ಮಕ್ಕಳು ಬೆರಳು ನೆಕ್ಕುತ್ತಾರೆ, ಬೇಡ. ಬೆಟ್ಟದ ಮೇಲಿನವರು ನಕ್ಷತ್ರವನ್ನು ಮಾಡಿನ ಸೂರಿನ ಒಳಗೇ ತೂಗಿಸಲಿ. ಮಂಜಿಗೆ ಗಂಜಿ ಬಿಡುತ್ತದೆ.

ಇದೇ ನಕ್ಷತ್ರವನ್ನು ಇದೇ ಬಿದಿರಿನಿಂದ ಫಿಲಿಪ್ಪೀನ್ಸ್ ದೇಶದ ಹಳ್ಳಿಯವರು ಕಟ್ಟುತ್ತಾರೆ. ಪಾರೊಲ್ ಎಂದು ಅದರ ಹೆಸರು. ಅಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಪೂಜೆ. ಕತ್ತಲಲ್ಲಿ ದೇವಾಲಯಕ್ಕೆ ನಡೆಯಲು ದಾರಿದೀಪವಾಗಿ ಬಂದದ್ದು ಅದು ಎನ್ನುತ್ತಾರೆ. ಹೊಲದ ಕೆಲಸಕ್ಕೆ ಮೊದಲು ಪೂಜೆ ಮುಗಿಯಲೆಂದು ಆ ಹೊತ್ತು. ಜೀಪಿಗೆ ಕಾಯುತ್ತ ಕತ್ತಲಲ್ಲಿ ರಸ್ತೆಬದಿ ನಿಲ್ಲುವ ನಮ್ಮ ಹೆಂಗಸರಿಗೆ ಈ ಮಾತು ಬೇಗ ತಿಳಿಯುತ್ತದೆ.

ಹೆಂಗಸರ ಮಾತು ಬಂತು. ಏಲಕ್ಕಿ ಕೊಯ್ಲು ಆಡಿ ತಿಂಗಳ ಆಚೀಚೆ ಶುರುವಾಗಿ ತೈ ತಿಂಗಳವರೆಗೂ ನಡೆಯುತ್ತದೆ. 35, 40 ದಿನಕ್ಕೊಂದು ಸುತ್ತು. ಡಿಸೆಂಬರಿನಲ್ಲೂ ಬಿಡುವಿಲ್ಲ. ಇಡೀ ದಿನ ಒದ್ದೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗಿಡದ ಬುಡದ ಕಾಯಿ ಬಿಡಿಸಿದವಳು ರಾತ್ರಿ ಬಂದು ಅಡಿಗೆಯನ್ನೂ ಮಾಡಿ ಗೋದಲಿಯನ್ನೂ ಕಟ್ಟಬೇಕೆಂದರೆ ಅದು ಹಬ್ಬವಲ್ಲ, ಇನ್ನೊಂದು ಪಾಳಿ. ಬಿದಿರು ಸೀಳುವುದು, ಮಣ್ಣು ತರುವುದು, ಗಂಜಿ ಕಾಸುವುದು ಗಂಡಸರ ಕೆಲಸವಾಗಲಿ. ಒಂದು ಭಾನುವಾರ ಸಂಜೆ ಇಸ್ಪೀಟು ಬಿಟ್ಟರೆ ಮುಗಿಯಿತು.

ಕೆಲವು ಎಚ್ಚರಿಕೆಗಳನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಔಷಧಿಯ ಡಬ್ಬಿ, ಬಾಟಲಿ, ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣ ಇವು ಮಕ್ಕಳ ಕಣ್ಣಿಗೆ ಒಳ್ಳೆಯ ಅಲಂಕಾರದ ವಸ್ತುವಾಗಿ ಕಾಣುತ್ತವೆ. ಏಲಕ್ಕಿಗೆ ಹೊಡೆಯುವಷ್ಟು ಔಷಧಿ ಬೇರೆ ಬೆಳೆಗಳಿಗೆ ಹೊಡೆಯುವುದು ಅಪರೂಪ. ಎಷ್ಟು ತೊಳೆದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಅದರಿಂದ ನಕ್ಷತ್ರ ಕತ್ತರಿಸಿದ ಮಗು ಅದೇ ಕೈಯಲ್ಲಿ ಅನ್ನ ಉಣ್ಣುತ್ತದೆ. ಅವು ಮನೆಯ ಹೊಸಿಲು ದಾಟಬಾರದು.

ಎರಡನೆಯದು ಕಾಡಿನ ಮಾತು. ಗೋದಲಿಗೆಂದು ಶೋಲೆಗೆ ಹೋಗಿ ಪಾಚಿ, ಜರಿಗಿಡ, ಮರದ ಕೊಂಬೆ ತರುವ ಅಭ್ಯಾಸ ಹಳೆಯದು. ಶ್ರೀವಿಲ್ಲಿಪುತ್ತೂರು–ಮೇಘಮಲೆ 2021ರಲ್ಲಿ ಹುಲಿ ಮೀಸಲು ಕಾಡಾಯಿತು, ಕೊಡೈಕಾನಲ್ ಕಾಡು 2013ರಲ್ಲಿ ವನ್ಯಧಾಮವಾಯಿತು. ಅಲ್ಲಿ ಕೈ ಹಾಕಿದರೆ ಮೊಕದ್ದಮೆ, ಮೊಕದ್ದಮೆ ಬೀಳುವುದು ಬಡವನ ಮೇಲೆ. ಕಾಯ್ದೆಯನ್ನು ಬಿಟ್ಟು ನೋಡಿದರೂ, ಆ ಪಾಚಿ ಹಿಡಿದಿಟ್ಟ ನೀರೇ ತೊಟ್ಟಿಕ್ಕಿ ನಮ್ಮ ಹಳ್ಳಕ್ಕೆ ಇಳಿಯುವುದು. ರಾಗಿಯ ಹಸಿರು ಇರುವಾಗ ಪಾಚಿ ಏಕೆ? ಹಾಗೆಯೇ ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕದ್ದುಮುಚ್ಚಿ ಇನ್ನೂ ಸಿಕ್ಕುತ್ತದೆ. ಕೊಳ್ಳಬೇಡಿ.

ಮೂರನೆಯದು ಬೆಂಕಿ. ಕಾಗದ, ಒಣಹುಲ್ಲು, ಬಾಳೆಪಟ್ಟೆ, ಬೂರುಗದ ಹತ್ತಿ, ನಾವು ಮೇಲೆ ಹೊಗಳಿದ್ದೆಲ್ಲ ಕ್ಷಣದಲ್ಲಿ ಹೊತ್ತಿಕೊಳ್ಳುವಂಥವು. ಬೂರುಗದ ಹತ್ತಿಯಂತೂ ಕಿಡಿ ಸೋಕಿದರೆ ಸಾಕು. ನಕ್ಷತ್ರದ ಒಳಗೆ ಮೇಣದ ಬತ್ತಿಯಾಗಲಿ ಹಣತೆಯಾಗಲಿ ಇಡಲೇಬೇಡಿ. ಕಾವು ಕಡಿಮೆ ಇರುವ ಸಣ್ಣ ಎಲ್‌ಇಡಿ ಬಲ್ಬು ಇಡಿ. ಅದೂ ಇಲ್ಲದಿದ್ದರೆ ನಕ್ಷತ್ರ ಹಗಲಿನ ಬೆಳಕಿಗೆ ಹೊಳೆಯಲಿ, ರಾತ್ರಿಗೆ ಹಣತೆ ಹೊಸಿಲ ಕಲ್ಲಿನ ಮೇಲಿರಲಿ. ಗೋದಲಿಯಿಂದ ದೀಪಕ್ಕೆ ಎರಡು ಮೊಳ ದೂರ, ಪಕ್ಕದಲ್ಲಿ ಒಂದು ಕೊಡ ನೀರು. ಪಾತಿರಾತ್ರಿ ಪೂಜೆಗೆ ಹೋಗುವಾಗ ದೀಪ ಆರಿಸದೆ ಬಾಗಿಲು ಹಾಕಬೇಡಿ. ಕಂಬದಿಂದ ಕೊಕ್ಕೆ ಹಾಕಿ ವಿದ್ಯುತ್ ಎಳೆಯುವವರಿಗೆ ನಾವು ಬೇರೆ ಹೇಳಬೇಕೇ? ಒಂದು ಮನೆಗೆ ಹತ್ತಿದರೆ ಇಡೀ ಲೈನಿಗೆ ಹತ್ತುತ್ತದೆ.

ತಮಿಳಿನಲ್ಲಿ ಗೋದಲಿಗೆ ಕುಡಿಲ್ ಎನ್ನುತ್ತಾರೆ. ಗುಡಿಸಲು ಎಂದೇ ಅದರ ಅರ್ಥ. ಆ ಮಾತು ಕೇಳಿದಾಗಲೆಲ್ಲ ಹಳಬರಾದ ಕಾರ್ಮಿಕರಿಗೆ ಇನ್ನೊಂದು ಗುಡಿಸಲು ನೆನಪಾಗುತ್ತದೆ. 1968ರ ಡಿಸೆಂಬರ್ 25ರ ರಾತ್ರಿ, ಅಂದಿನ ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ, ಕೂಲಿ ಹೆಚ್ಚಿಸಬೇಕೆಂದು ಕೇಳಿದ ದಲಿತ ಹೊಲಗೆಲಸದವರ ಮೇಲೆ ಜಮೀನುದಾರರ ಕಡೆಯವರು ಬಿದ್ದರು. ಹೆದರಿ ಒಂದೇ ಗುಡಿಸಲಿನಲ್ಲಿ ಅಡಗಿದ 44 ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕ್ರಿಸ್‌ಮಸ್ ರಾತ್ರಿ ಅದು. ಮಕ್ಕಳೊಡನೆ ಹುಲ್ಲಿನ ಗುಡಿಸಲು ಕಟ್ಟುವಾಗ, ಅವರು ಬಲ್ಲ ವಯಸ್ಸಿನವರಾಗಿದ್ದರೆ, ಇದನ್ನೂ ಹೇಳಿರಿ. ಹೇರೋದನು ಕೊಲ್ಲಿಸಿದ ಮಕ್ಕಳ ಹಬ್ಬವನ್ನು ಮೂರು ದಿನ ಬಿಟ್ಟು, ಡಿಸೆಂಬರ್ 28ರಂದು, ನಾವೇ ಆಚರಿಸುವುದಿಲ್ಲವೇ? ಹೊಸಿಲಿನ ಹಣತೆಗಳಲ್ಲಿ ಒಂದು ಅವರ ಹೆಸರಿಗಿರಲಿ.

ನಮ್ಮ ಸಲಹೆ ಒಂದಿದೆ. ಮನೆಗೊಂದು ಗೋದಲಿ ಬೇಡ, ಲೈನಿಗೊಂದಿರಲಿ. ಹತ್ತು ಮನೆ ಸೇರಿ, ಕೊನೆಯ ಮನೆಯ ಜಗಲಿಯಲ್ಲೋ ನಲ್ಲಿಯ ಬಳಿಯೋ ಮಾಡಿರಿ. ಒಂದು ಮನೆ ಮಣ್ಣು ತರಲಿ, ಒಂದು ಮನೆ ಗರಿ, ಒಂದು ಮನೆ ಬಲ್ಬು. ಈ ವರ್ಷ ಸಾವಾದ ಮನೆಯವರು, ಕೆಲಸ ಕಳೆದುಕೊಂಡವರು, ಏನೂ ತರಲಾಗದವರು ಬರಿಗೈಯಲ್ಲಿ ಬಂದು ಕುಳಿತರೂ ಅದು ಅವರದೇ ಗೋದಲಿ. ಬಾಗಿಲು ಬಾಗಿಲಿಗೂ ಹೋಲಿಕೆ ತಪ್ಪುತ್ತದೆ. ಹಿಂದೂ ನೆರೆಯವರ ಮಕ್ಕಳು ಕುರಿ ಮಾಡಲು ಬಂದರೆ ಬೇಡವೆನ್ನಬೇಡಿ. ನಕ್ಷತ್ರ ಮಾತ್ರ ಮನೆಗೊಂದು ಇರಲಿ, ಸಣ್ಣದಾದರೂ ಸರಿ. ಅದನ್ನು ಕಟ್ಟಿದ ಮಗುವಿನ ಹೆಸರನ್ನು ಒಂದು ಮೂಲೆಯಲ್ಲಿ ಬರೆಯಿಸಿರಿ.

ಮೂವರು ರಾಯರ ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಇಳಿಸುತ್ತೇವಲ್ಲ, ಆಗ ಬೋಗಿಯ ಬೆಂಕಿಗೆ ಹಾಕುವ ಅವಸರ ಬೇಡ. ರಾಗಿಯ ಪೈರು ಮೇಕೆಗೆ. ಹತ್ತಿ ಮತ್ತೆ ದಿಂಬಿಗೆ. ಬಾಳೆಪಟ್ಟೆ, ಗರಿ ಒಲೆಗೆ. ಮಣ್ಣಿನ ಗೊಂಬೆಗಳಲ್ಲಿ ಬಿರಿದವು ಕೆರೆಗೆ, ಗಟ್ಟಿಯಿದ್ದವು ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ. ನಕ್ಷತ್ರದ ಕಾಗದ ಹರಿದಿರುತ್ತದೆ. ಬಿದಿರಿನ ಚೌಕಟ್ಟನ್ನು ತೊಲೆಗೆ ಕಟ್ಟಿಡಿ, ಹೊಗೆ ತಾಗಿ ಹುಳ ಹಿಡಿಯದೆ ಇರುತ್ತದೆ. ಮುಂದಿನ ವರ್ಷಕ್ಕೆ ಕಾಗದ ಮಾತ್ರ ಸಾಕು.